ಅಜ್ಜಿಯ ಪಾಲಿನ ಬನ್ನು

"ಜೇಬಲ್ಲೇನಿದೆ? ತೆಗಿ ಹೊರಗೆ," ಎಂದಳು ಜಿಲ್ಲಾ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಹೆಂಗಸು.

ಊಟದ ಕೋಣೆಯಿಂದ ಹೊರಗೆ ಹೋಗುತ್ತಿದ್ದ ಮಕ್ಕಳ ಸಾಲು ಬಾಗಿಲಲ್ಲೇ ನಿಂತುಬಿಟ್ಟಿತು. ಸಾಲಿನ ಮುಂದಿದ್ದವಳು ಮೂರನೇ ತರಗತಿಯ ಕುಂದುಜ್. ಅವಳು ತೊಟ್ಟಿದ್ದು ಅಪ್ಪನ ಹಳೆಯ ಕೋಟನ್ನೇ ಕತ್ತರಿಸಿ ಹೊಲಿದ ಕೋಟು. ಮೈಗೆ ತಕ್ಕಂತೆ ಕತ್ತರಿಸಿದ್ದರೂ ಜೇಬು ಮಾತ್ರ ಅಪ್ಪನ ಅಳತೆಯದೇ ಉಳಿದಿತ್ತು. ಹುಡುಗಿ ಆ ಜೇಬಿನ ಮೇಲೆ ಅಂಗೈ ಒತ್ತಿಕೊಂಡು, ಬಂದವಳ ತಲೆಯ ಮೇಲಿದ್ದ ನರಿತೊಗಲಿನ ಟೋಪಿಯನ್ನೇ ನೋಡುತ್ತಿದ್ದಳು.

ಬಡಿಸುವ ಕಟ್ಟೆಯ ಹಿಂದೆ ಸೌಟು ಹಿಡಿದು ನಿಂತಿದ್ದಳು ಅಡುಗೆಯ ಬೂರುಲ್. ಆ ಜೇಬಿನಲ್ಲಿ ಏನಿದೆ ಅನ್ನುವುದು ಅವಳಿಗೆ ಗೊತ್ತಿತ್ತು. ಕಾಗದದಲ್ಲಿ ಸುತ್ತಿ ಹುಡುಗಿಯ ಕೈಗೆ ಕೊಟ್ಟವಳು ಅವಳೇ.

ಹೊರಗೆ ಬಂದದ್ದು ಎರಡು ಬನ್ನು. ಕ್ಯಾರೆಟ್ ಹೂರಣ ತುಂಬಿ ಬೆಳಿಗ್ಗೆಯಷ್ಟೇ ಬೇಯಿಸಿದ್ದು, ಇನ್ನೂ ಬಿಸಿ ಆರಿರಲಿಲ್ಲ. ಹೆಂಗಸು ಅವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ತೋರಿಸುವ ಹಾಗೆ ಹೆಡ್‌ಮಾಸ್ಟರಿಗೆ ತೋರಿಸಿದಳು.

"ಊಟದ ಕೋಣೆಯಿಂದ ಒಂದು ಚೂರೂ ಆಚೆ ಹೋಗಬಾರದು ಅಂತ ಗೋಡೆ ಮೇಲೆ ಅಷ್ಟುದ್ದ ಬರೆದು ಅಂಟಿಸಿದೀರ. ಈ ಶಾಲೇಲಿ ಯಾರಿಗೂ ಓದೋಕೆ ಬರಲ್ವಾ ಮೇಷ್ಟ್ರೇ?"

ಹೆಡ್‌ಮಾಸ್ಟರ್ ಮಾಂಬೆತ್ ಇಷ್ಟಗಲ ನಕ್ಕ. ಮೇಲಿನವರು ಬೈದಾಗಲೂ ಹೊಗಳಿದಾಗಲೂ ಅವನ ಹತ್ತಿರ ಇದ್ದದ್ದು ಅದೊಂದೇ ನಗು.

ನಿಯಮ ಸುಮ್ಮನೆ ಬಂದದ್ದಲ್ಲ. ಕಳೆದ ವಸಂತದಲ್ಲಿ ಯಾವುದೋ ಕಣಿವೆಯ ಶಾಲೆಯಲ್ಲಿ ಒಂದು ಮಗು ಮಾಂಸದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾರನೆಯ ದಿನ ತಿಂದು ಆಸ್ಪತ್ರೆ ಸೇರಿತ್ತು. ಅಂದಿನಿಂದ ಜಿಲ್ಲೆಯವರು ಬಿಗಿಯಾದರು. ಅಡುಗೆಯವಳೇ ಕೊಟ್ಟು ಕಳಿಸಿದರೆ ಅವಳ ಕೆಲಸ ಹೋಗುತ್ತದೆ, ಅಡುಗೆಮನೆಗೂ ಬೀಗ ಬೀಳುತ್ತದೆ ಅಂತ ಸಭೆ ಕರೆದು ಹೇಳಿದ್ದರು. ಬೀಗ ಬೀಳುವುದೆಂದರೆ ಮಕ್ಕಳು ಮತ್ತೆ ಬರೀ ಚಹಾ, ಒಣ ಬನ್ನಿಗೆ ಇಳಿಯುವುದು. ಬಿಸಿಯೂಟ ಬಂದ ಮೇಲೆ ತರಕಾರಿ, ಹಾಲು ಎಲ್ಲವನ್ನೂ ಊರಿನ ಸಣ್ಣ ಹಿಡುವಳಿಯವರಿಂದಲೇ ಕೊಳ್ಳಬೇಕು ಅಂತ ಏರ್ಪಾಟಾಗಿತ್ತು. ಬೀಟ್‌ರೂಟು, ಕೋಸು, ಆಲೂಗಡ್ಡೆ ಎಲ್ಲ ಇಲ್ಲಿನ ಹಿತ್ತಿಲುಗಳಿಂದಲೇ ಬರುತ್ತಿತ್ತು. ಕ್ಯಾರೆಟ್ ಬರುತ್ತಿದ್ದದ್ದು ಇದೇ ಕುಂದುಜ್‌ಳ ಅಪ್ಪ ಸೋನುನ್‌ಬೆಕ್‌ನ ಹೊಲದಿಂದ.

ಆದರೆ ಈ ಅಕ್‌ತೆರೆಕ್ ಊರಲ್ಲಿ ಉಂಡವರು ಬರಿಗೈಲಿ ಮನೆಗೆ ಹೋಗುವುದಿಲ್ಲ. ಮದುವೆಯಿರಲಿ, ಕೂಸಿನ ತೊಟ್ಟಿಲ ಶಾಸ್ತ್ರವಿರಲಿ, ಸತ್ತವರ ವರ್ಷದ ಊಟವಿರಲಿ, ಏಳುವ ಹೊತ್ತಿಗೆ ಹೆಂಗಸರೆಲ್ಲ ಚೀಲ ಬಿಚ್ಚುತ್ತಾರೆ. ಒಂದು ತುಂಡು ಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಒಂದು ಹಿಡಿ ಮಿಠಾಯಿ ಒಳಗೆ ಹೋಗುತ್ತದೆ. ಅದಕ್ಕೆ ಕೇಶಿಕ್ ಎಂದು ಹೆಸರು. ಮನೆಯಲ್ಲಿ ಉಳಿದವರ ಪಾಲು ಅದು. ಹೊಟ್ಟೆಗಿಲ್ಲ ಅಂತ ತರುವುದಲ್ಲ, ತಾನು ಉಂಡ ರುಚಿ ಮನೆಯವರ ಬಾಯಿಗೂ ಬೀಳಲಿ ಅಂತ ತರುವುದು. ಇದನ್ನು ಕಳ್ಳತನ ಅಂದವರು ಈ ಸೀಮೆಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ನಿಯಮ ಬರೆದವರು ಕೂಡ ಅದಕ್ಕೆ ಹಿಂದಿನ ಭಾನುವಾರ ಯಾರದೋ ಮದುವೆಯಿಂದ ಚೀಲ ತುಂಬಿಸಿಕೊಂಡು ಬಂದವರೇ ಇದ್ದಾರು.

ಕುಂದುಜ್‌ಗೆ ಅಮ್ಮ ಇಲ್ಲ. ಮನೆಯಲ್ಲಿರುವುದು ಅಪ್ಪ, ಅಜ್ಜಿ ಕಲೀಪಾ. ಅಜ್ಜಿಗೆ ಕಣ್ಣು ಮಂಜು, ಬಾಯಲ್ಲಿ ಹಲ್ಲಿಲ್ಲ. "ನಮ್ಮ ಕ್ಯಾರೆಟ್ಟು ನಿಮ್ಮ ಶಾಲೆಗೆ ಹೋಗಿ ಏನಾಗುತ್ತೆ ಅಂತ ಅಜ್ಜಿ ದಿನಾ ಕೇಳ್ತಾರೆ, ಹೇಳಿದ್ರೆ ಅರ್ಥ ಆಗಲ್ಲ ಅವರಿಗೆ," ಎಂದು ಹುಡುಗಿ ಒಂದು ದಿನ ಕಟ್ಟೆಗೆ ಗಲ್ಲ ಒರಗಿಸಿ ಹೇಳಿತ್ತು. ಬೂರುಲ್ ಮೆತ್ತಗಿದ್ದ ಎರಡು ಬನ್ನು ಆರಿಸಿ ಕೊಟ್ಟಿದ್ದಳು. ಅಲ್ಲಿಂದ ಅದೊಂದು ರೂಢಿಯಾಯಿತು. ಬದಲಿಗೆ ಕುಂದುಜ್ ಗೋಡೆಯ ಕಪ್ಪು ಹಲಗೆಯ ಮೇಲೆ ಬೂರುಲ್ ಬರೆದ ದಿನದ ಅಡುಗೆಯ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಎರಡನೇ ತರಗತಿಯಲ್ಲಿ ಬೆಳಗ್ಗೆಯೇ ಬೆಂಚಿನ ಮೇಲೆ ತೂಕಡಿಸುತ್ತಿದ್ದ, ಇದರ ತಲೆಗೆ ಏನೂ ಹತ್ತುವುದಿಲ್ಲ ಅಂತ ಟೀಚರು ಕೈಬಿಟ್ಟಿದ್ದ ಹುಡುಗಿ ಅದು. ಹೊಟ್ಟೆಗೆ ಬಿಸಿ ಸಾರು ಬೀಳತೊಡಗಿದ ಮೇಲೆ ಅಕ್ಷರಗಳೂ ಒಂದೊಂದಾಗಿ ಒಲಿದಿದ್ದವು. 'ಬೀಟ್‌ರೂಟ್ ಸಾರು' ಎಂದು ತಡವರಿಸದೆ ಓದಿದ ದಿನ ಇಬ್ಬರೂ ಹಬ್ಬದ ಹಾಗೆ ನಕ್ಕಿದ್ದರು.

"ಯಾರು ಕೊಟ್ರು ಇದನ್ನ?" ಎಂದು ಹೆಂಗಸು ಕೇಳಿದಳು.

ಕುಂದುಜ್ ಬಾಯಿ ಬಿಡಲಿಲ್ಲ. ಆದರೆ ಮಕ್ಕಳ ಕಣ್ಣು ದೊಡ್ಡವರ ಕಣ್ಣಿನ ಹಾಗೆ ಅಲ್ಲ. ಅದು ಒಮ್ಮೆ ತಿರುಗಿ ಬೂರುಲ್‌ಳನ್ನು ನೋಡಿ ಮತ್ತೆ ನೆಲಕ್ಕಿಳಿಯಿತು.

ಹೆಂಗಸು ಆ ನೋಟದ ಜಾಡು ಹಿಡಿದು ಕಟ್ಟೆಯ ಕಡೆಗೆ ಬಂದಳು. "ನೀನು ಕೊಟ್ಟೆಯೇನಮ್ಮ?"

ಬೂರುಲ್ ಗಂಡ ಬಿಟ್ಟವಳು. ಮಕ್ಕಳಾಗಲಿಲ್ಲ ಅಂತ ಗಂಡನ ಮನೆಯವರು ಒಂದು ಟ್ರಂಕಿನ ಜೊತೆ ಅಣ್ಣನ ಬಾಗಿಲಿಗೆ ತಂದು ಬಿಟ್ಟು ಹೋಗಿದ್ದರು. ಅತ್ತಿಗೆಯ ಒಲೆಯ ಹತ್ತಿರ ತಲೆ ತಗ್ಗಿಸಿ ಉಂಡು, ಊರವರ ಔತಣಗಳಲ್ಲಿ ಕಡಾಯಿ ತಿಕ್ಕಿ ಎಷ್ಟೋ ವರ್ಷ ಕಳೆದಳು. ಶಾಲೆಯ ಅಡುಗೆಮನೆ ಬಂದ ಮೇಲೆ ಜನ ಅವಳನ್ನು 'ಅಕ್ಕ' ಅಂದರು, ಅತ್ತಿಗೆ ಚಹಾ ಮೊದಲು ಅವಳಿಗೆ ಬಗ್ಗಿಸಿದಳು. ತಪಾಸಣೆಯ ಹೆಂಗಸಿನ ಮುಖ ನೋಡುತ್ತ ಬೂರುಲ್‌ಗೆ ಕಂಡದ್ದು ಅತ್ತಿಗೆಯ ಒಲೆಯ ಪಕ್ಕದ ಆ ಮೂಲೆ.

"ಇಲ್ಲ," ಎಂದಳು. ಮೊದಲೇ ಸಿದ್ಧ ಮಾಡಿಟ್ಟಿದ್ದ ಹಾಗೆ ಮಾತು ನುಣ್ಣಗೆ ಹೊರಬಿತ್ತು.

"ಹಾಗಾದ್ರೆ ಕದ್ದಿದಾಳೆ."

ಬೂರುಲ್ ಸೌಟನ್ನು ಸಾರಿನೊಳಗೆ ಮುಳುಗಿಸಿ ತಳ ಕೆರೆದಳು. ಸಾಲಿನ ಹಿಂದಿನಿಂದ ಯಾವನೋ ಹುಡುಗ ಮೂಗಿನಲ್ಲೇ "ಕಳ್ಳಿ" ಅಂದ. ನಾಲ್ಕಾರು ಮಕ್ಕಳು ಕಿಸಕ್ಕನೆ ನಕ್ಕವು. ಅಲ್ಲ ಅಂತ ಹುಡುಗಿ ಒಂದು ಮಾತು ಹೇಳಿದ್ದರೆ ಬೂರುಲ್‌ಗೆ ಸಿಟ್ಟಾದರೂ ಬರುತ್ತಿತ್ತೋ ಏನೋ.

ಕುಂದುಜ್‌ಳನ್ನು ಗೋಡೆಗೆ ನಿಲ್ಲಿಸಿದರು. ಬನ್ನುಗಳನ್ನು ಅವಳ ಮುಂದಿನ ಮೇಜಿನ ಮೇಲಿಟ್ಟರು, ಬಂದುಹೋಗುವ ಮಕ್ಕಳೆಲ್ಲ ನೋಡಲಿ ಅಂತ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ತಪಾಸಣೆಯವಳಿಗೆ ಊಟ ನಡೆಯಿತು. ಮಕ್ಕಳ ಸಾರನ್ನು ಅತಿಥಿಗೆ ಬಡಿಸಲಾದೀತೆ? ಹೆಡ್‌ಮಾಸ್ಟರ್ ಬೆಳಿಗ್ಗೆಯೇ ವಾರದ ಮಾಂಸದಿಂದ ಪಕ್ಕೆಲುಬು ತೆಗೆಸಿ ಬೇಯಿಸಿಟ್ಟಿದ್ದ. ಹೆಂಗಸು ಎಲುಬು ಚೀಪುತ್ತ ಮಕ್ಕಳ ಆಹಾರದ ಬಗ್ಗೆ ಒಳ್ಳೆಯ ಮಾತುಗಳನ್ನಾಡಿದಳು. ಕೋಸು ಹೆಚ್ಚಿಸಿ, ಉಪ್ಪು ಕಡಿಮೆ ಮಾಡಿ ಎಂದಳು. ಹುಡುಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಇತ್ತು.

"ಬೂರುಲ್, ಅಕ್ಕಾವ್ರಿಗೆ ಕೇಶಿಕ್ ಕಟ್ಟು," ಎಂದ ಹೆಡ್‌ಮಾಸ್ಟರ್. "ಬರಿಗೈಲಿ ಕಳಿಸೋಕಾಗುತ್ತಾ ಅವರನ್ನ?"

"ಅಯ್ಯೋ, ಯಾಕೆ ಮೇಷ್ಟ್ರೇ ಇದೆಲ್ಲ," ಎನ್ನುತ್ತ ಹೆಂಗಸು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಚೀಲಕ್ಕೆ ಜಾಗ ಮಾಡಿದಳು.

ಬೂರುಲ್ ಉಳಿದ ಮಾಂಸವನ್ನು ಕಟ್ಟಿದಳು. ಒಂದು ಬಾಟಲಿ ಕೆನೆ ಇಟ್ಟಳು. ತಟ್ಟೆಯಲ್ಲಿ ಉಳಿದಿದ್ದ ಕ್ಯಾರೆಟ್ ಬನ್ನುಗಳನ್ನೆಲ್ಲ ಕಾಗದದಲ್ಲಿ ಸುತ್ತಿದಳು, ಕುಂದುಜ್‌ಗೆ ಹೇಗೆ ಸುತ್ತಿಕೊಡುತ್ತಿದ್ದಳೋ ಹಾಗೆಯೇ ನಾಲ್ಕೂ ಮೂಲೆ ಒಳಗೆ ಮಡಿಚಿ. ಗೋಡೆಯ ಹತ್ತಿರದಿಂದ ಹುಡುಗಿ ಅವಳ ಕೈಗಳನ್ನೇ ನೋಡುತ್ತಿತ್ತು. ಹೋಗುವಾಗ ಹೆಂಗಸು ಹುಡುಗಿಯ ತಲೆ ಸವರಿ, "ಚೆನ್ನಾಗಿ ಓದಿ ಒಳ್ಳೇ ಹುಡುಗಿ ಆಗಬೇಕು, ಆಯ್ತಾ?" ಅಂದು ಜೀಪು ಹತ್ತಿದಳು. ಚೀಲ ಹಿಂದಿನ ಸೀಟಿನಲ್ಲಿ ಕೂತು ಹೋಯಿತು.

ಮಾರನೆಯ ಬೆಳಿಗ್ಗೆ ಹೆಡ್‌ಮಾಸ್ಟರ್ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದ.

"ಬದುಕ್ಕೊಂಡ್ವಿ," ಎಂದ. "ಮಗು ಕದ್ದಿದ್ದು, ಅಡುಗೆಮನೇದು ತಪ್ಪಿಲ್ಲ ಅಂತ ಬರ್ಕೊಂಡು ಹೋಗಿದಾರೆ. ಇನ್ನೊಂದು ವಿಷ್ಯ. ಸೋನುನ್‌ಬೆಕ್‌ನ ಕ್ಯಾರೆಟ್ಟು ಇನ್ಮೇಲೆ ಬೇಡ."

"ಯಾಕೆ ಮೇಷ್ಟ್ರೇ? ಅವನ ಕ್ಯಾರೆಟ್ಟು ಸಿಹಿ ಇರುತ್ತೆ. ಮಕ್ಕಳು ಹಸೀದೇ ತಿಂತಾವೆ."

"ಕಳ್ಳತನ ಮಾಡಿದ ಮನೆ ತರಕಾರಿ ತಗೊಂಡ್ರೆ ಊರವರು ನನ್ನ ಮುಖಕ್ಕೆ ಉಗೀತಾರೆ. ನನ್ನ ಷಡ್ಡಕನ ಹೊಲದಲ್ಲಿ ಬೇಕಾದಷ್ಟು ಬಿದ್ದಿದೆ, ಅಲ್ಲಿಂದ ತರಿಸೋಣ."

ಹೋ, ವಿಷಯ ಇಲ್ಲಿಗೆ ಬಂತು ಅಂತ ಬೂರುಲ್‌ಗೆ ಅರ್ಥವಾಯಿತು. ಷಡ್ಡಕ ಬೇಸಿಗೆಯಿಂದಲೂ ಶಾಲೆಯ ಸುತ್ತ ಸುಳಿದಾಡುತ್ತಿದ್ದ. "ಪಾಪ, ಅವನು ಹೊಲದ ತುಂಬ ಅದೊಂದನ್ನೇ ಹಾಕಿದಾನೆ ಮೇಷ್ಟ್ರೇ, ನೀವೇ ಹಾಕು ಅಂದಿದ್ರಿ. ಆ ಮಗು ಕೂಡ..."

"ಆ ಮಗು ಕೂಡ ಏನು?" ಹೆಡ್‌ಮಾಸ್ಟರ್‌ನ ನಗು ಹಾಗೇ ಇತ್ತು. "ನಾನೇ ಕೊಟ್ಟಿದ್ದೆ ಅಂತ ಹೇಳೋದಿದ್ರೆ ಈಗಲೇ ಹೇಳು. ಜಿಲ್ಲೆಗೆ ಫೋನ್ ಮಾಡ್ತೀನಿ. ನಿನ್ನ ಅತ್ತಿಗೆಗೂ ಹೇಳಿ ಕಳಿಸ್ತೀನಿ, ಹಾಸಿಗೆ ಹಾಸಿಡೋಕೆ."

ಅವನಿಗೂ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಬೂರುಲ್ ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಕೋಸು ಹೆಚ್ಚಲು ಕೂತಳು.

ಸೋನುನ್‌ಬೆಕ್ ಎಂದಿನಂತೆ ಮುಂದಿನ ಸೋಮವಾರ ಕತ್ತೆಗಾಡಿ ಹೊಡೆದುಕೊಂಡು ಅಡುಗೆಮನೆಯ ಹಿಂಬಾಗಿಲಿಗೆ ಬಂದ. ಕ್ಯಾರೆಟ್‌ಗಳನ್ನು ಹೊಳೆಯಲ್ಲಿ ತೊಳೆದು ತಂದಿದ್ದ. ಹೊಳೆಯ ಅಂಚು ಹೆಪ್ಪುಗಟ್ಟುವ ಕಾಲ, ಅವನ ಬೆರಳುಗಳೂ ಕ್ಯಾರೆಟ್ಟಿನಷ್ಟೇ ಕೆಂಪಗಾಗಿದ್ದವು.

"ಇಳಿಸಬೇಡ ತಮ್ಮಾ," ಎಂದಳು ಬೂರುಲ್, ಬಾಗಿಲಿಗೆ ಅಡ್ಡ ನಿಂತು. "ಹಿಮ ಹೊಡೆದಿದೆ ಇದಕ್ಕೆ. ಮಕ್ಕಳಿಗೆ ಹಾಕೋಕಾಗಲ್ಲ."

ಅವನು ತಮಾಷೆ ಅಂದುಕೊಂಡ. ಮೂಟೆಯಿಂದ ಒಂದನ್ನೆಳೆದು ಲಟಕ್ಕನೆ ಮುರಿದ. "ಹಿಮ ಹೊಡೆದಿದ್ದು ಹಿಂಗೆ ಮುರಿಯುತ್ತೇನಕ್ಕ? ತಗೊಳ್ಳಿ, ತಿಂದು ನೋಡಿ." ತಾನೇ ಅರ್ಧ ಕಚ್ಚಿ ಅಗಿದ. ಅವಳು ಕೈ ಚಾಚಲಿಲ್ಲ. ಅಗಿಯುತ್ತಿದ್ದವನ ದವಡೆ ನಿಧಾನವಾಯಿತು.

"ಮೇಷ್ಟ್ರು ಬೇಡ ಅಂದ್ರಾ?"

ಬೂರುಲ್ ಕತ್ತೆಯ ಕಿವಿಗಳನ್ನು ನೋಡುತ್ತ ನಿಂತಳು.

"ಹಾಗಾದ್ರೆ ಊರವರು ಆಡ್ಕೊಳ್ಳೋದು ನಿಜವಾ ಅಕ್ಕ? ನಮ್ಮ ಮಗು ಕದ್ದಳಂತಲ್ಲ. ಬೇರೆ ಯಾರು ಹೇಳಿದ್ರೂ ನಾನು ನಂಬಲ್ಲ. ನಿಮ್ಮ ಮೇಲೆ ಅವಳಿಗೆ ಪ್ರಾಣ. ನೀವು ಹೇಳಿ."

ಅಲ್ಲ ಅಂದರೆ ಸಾಕಿತ್ತು. ಎರಡಕ್ಷರ. "ಮಕ್ಕಳಲ್ವಾ," ಎಂದಳು ಬೂರುಲ್. "ಬಿಡು, ಅದನ್ನೇ ದೊಡ್ಡದು ಮಾಡಬೇಡ."

ಸೋನುನ್‌ಬೆಕ್‌ನ ಕತ್ತು ಕೆಂಪಾಗಿ, ಆ ಕೆಂಪು ಕಿವಿಯವರೆಗೂ ಏರಿತು. ಬಾಯಲ್ಲಿದ್ದದ್ದನ್ನು ಅಲ್ಲೇ ಉಗಿದ. ಗಾಡಿ ತಿರುಗಿಸಿ, ಎಂದೂ ಹೊಡೆಯದ ಕತ್ತೆಗೆ ಒಂದು ಬಾರಿಸಿ, ಹಿಂದಿರುಗಿ ನೋಡದೆ ಹೋದ. ಆ ಸಂಜೆ ಅವನ ಮನೆಯ ಕಡೆಯಿಂದ ಹುಡುಗಿಯ ಅಳು ಕೇಳಿಸಿತು ಅಂತ ಬೀದಿಯವರು ಹೇಳಿದರು. ಇನ್ನು ಕೆಲವರು, ಅಳು ಕೇಳಿಸಲಿಲ್ಲ, ಬೆಲ್ಟಿನ ಸದ್ದು ಮಾತ್ರ ಕೇಳಿಸಿತು ಎಂದರು.

ಕುಂದುಜ್ ಶಾಲೆಗೆ ಬರುವುದನ್ನೇನೂ ಬಿಡಲಿಲ್ಲ. ಬಂದಳು, ಕೂತಳು, ತಟ್ಟೆಯ ಮುಂದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

"ಉಣ್ಣು ಮಗಾ, ಆರಿ ಹೋಗುತ್ತೆ," ಎಂದು ಬೂರುಲ್ ಹತ್ತಿರ ಬಂದು ಮೆಲ್ಲಗೆ ಹೇಳಿದರೆ, "ಬೇಡ ಅಕ್ಕ, ಹಸಿವಿಲ್ಲ," ಅನ್ನುತ್ತಿದ್ದಳು. ಸಿಟ್ಟಿಲ್ಲದ, ಮರ್ಯಾದೆಯ ದನಿ. ಅದನ್ನು ಕೇಳಲಾರದೆ ಬೂರುಲ್ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಮಕ್ಕಳಿಗೆ ಒಂದು ಹೊಸ ಆಟ ಸಿಕ್ಕಿತ್ತು. ಊಟ ಮುಗಿದೊಡನೆ ಬಾಗಿಲಲ್ಲಿ ಒಬ್ಬಳು ತಲೆಗೆ ಮಫ್ಲರು ಸುತ್ತಿಕೊಂಡು ತಪಾಸಣೆಯ ಹೆಂಗಸಾಗಿ ನಿಲ್ಲುವುದು. ಉಳಿದವರು ಜೇಬು ಹೊರಗೆಳೆದು ತೋರಿಸಿ ಹಾರಿ ಹೋಗುವುದು. ಕುಂದುಜ್ ಬಂದಾಗ ಮಾತ್ರ ಆಟ ನಿಧಾನವಾಗುತ್ತಿತ್ತು. ಎರಡೂ ಜೇಬು, ಬೂಟಿನ ಒಳಗು, ಟೋಪಿಯ ಮಡಿಕೆ ಎಲ್ಲ ನೋಡಬೇಕು. ಟೀಚರುಗಳಿಗೂ ನಗು ಬರುತ್ತಿತ್ತು. ಒಂದು ದಿನ ಯಾರೋ ಅವಳ ಕೋಟಿನ ಜೇಬಿಗೆ ಮೊದಲೇ ಕ್ಯಾರೆಟ್ ಸಿಪ್ಪೆ ತುಂಬಿಟ್ಟಿದ್ದರು. ಅದು ಹೊರಬಿದ್ದಾಗ ಎದ್ದ ಗುಲ್ಲಿಗೆ ಕೋಣೆಯೇ ಅದುರಿತು. ಕುಂದುಜ್ ಬಗ್ಗಿ ನೆಲದ ಮೇಲಿನ ಸಿಪ್ಪೆಯನ್ನು ಒಂದೂ ಬಿಡದೆ ಆರಿಸಿ, ಕಸದ ಬುಟ್ಟಿಗೆ ಹಾಕಿ, ಹೊರಗೆ ಹೋದಳು. ಮತ್ತೆ ಬರಲಿಲ್ಲ.

ಸುದ್ದಿ ತಂದವಳು ಮೂರನೇ ತರಗತಿಯ ಟೀಚರು. ಅಡುಗೆಮನೆಯಲ್ಲಿ ನಿಂತು ಚಹಾ ಕುಡಿಯುತ್ತ, "ಸೋನುನ್‌ಬೆಕ್ ಮಗಳನ್ನ ನಾಳೆ ಮೇಲಿನ ಕುರಿಹಟ್ಟಿಗೆ ಕಳಿಸ್ತಿದಾನಂತೆ," ಎಂದಳು. "ಅವನ ಚಿಕ್ಕಪ್ಪನ ಮನೆಯೋರು ಚಳಿಗಾಲಕ್ಕೆ ಅಲ್ಲಿದಾರಲ್ಲ, ಕೂಸು ಆಡಿಸೋಕೆ ಒಬ್ಬಳು ಬೇಕಂತೆ. ಓದೋದು ಈಗ ಬರ್ತಾ ಇತ್ತು ಅದಕ್ಕೆ. ಏನ್ ಮಾಡೋದು, ಕೈ ಚಪಲ."

"ವಸಂತಕ್ಕೆ ವಾಪಸ್ ಬರ್ತಾಳಲ್ವಾ?"

"ಮೇಲಿನ ಹಟ್ಟಿಗೆ ಹೋದೋರು ಯಾರು ವಾಪಸ್ ಬಂದು ಬೆಂಚಿನ ಮೇಲೆ ಕೂತಿದಾರೆ ಹೇಳು?" ಟೀಚರು ಲೋಟ ಇಟ್ಟು ಹೋದಳು.

ಅವತ್ತು ಮಧ್ಯಾಹ್ನ ಪಾತ್ರೆಗಳನ್ನು ಹಾಗೇ ಬಿಟ್ಟು, ಒಂದು ಪೊಟ್ಟಣ ಚಹಾ, ಒಂದಿಷ್ಟು ಸಕ್ಕರೆ ಮಿಠಾಯಿ ತೆಗೆದುಕೊಂಡು ಬೂರುಲ್ ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸಿದಳು. ಕೊಟ್ಟವಳು ನಾನು, ಮಗು ಕದ್ದಿಲ್ಲ. ಇಷ್ಟೇ ಅಲ್ಲವೇ? ಇಷ್ಟು ಹೇಳಿದರೆ ಹುಡುಗಿ ನಾಳೆ ಹಟ್ಟಿಗೆ ಹೋಗುವ ಕುದುರೆ ಹತ್ತುವುದಿಲ್ಲ. ಕೆಲಸ ಹೋದರೆ ಹೋಗಲಿ, ಅತ್ತಿಗೆ ಏನು ಹುಲಿಯೇ? ಹಳ್ಳಕ್ಕೆ ಅಡ್ಡ ಹಾಕಿದ ಹಲಗೆ ದಾಟುವ ಹೊತ್ತಿಗೆ ಅವಳಿಗೆ ಧೈರ್ಯವೇ ಬಂದಿತ್ತು. ಅಳು ಕೂಡ ಬಂತು, ಆ ಅಳು ಹಿತವಾಗಿತ್ತು.

ಗೇಟಿನ ಹತ್ತಿರ ನಾಯಿ ಸರಪಳಿ ಇಲ್ಲದೆ ಮೇಲೆರಗಿ ಬಂತು. ಕುರಿ ಕಾಯುವ ಜಾತಿಯದು, ಕರುವಿನಷ್ಟು ಎತ್ತರ. ಒಳಗಿಂದ ಸೋನುನ್‌ಬೆಕ್ ಓಡಿ ಬಂದು ಅದರ ಕತ್ತು ಹಿಡಿದೆಳೆದ. "ಬೂರುಲಕ್ಕ! ಬನ್ನಿ, ಬನ್ನಿ ಒಳಗೆ." ಅಂಗಳದ ಮೂಲೆಯಲ್ಲಿ ಕ್ಯಾರೆಟ್ ರಾಶಿ ಬಿದ್ದಿತ್ತು. ಕತ್ತೆ ಅದಕ್ಕೆ ಮುಖ ಹಾಕಿ ಆರಾಮಾಗಿ ಅಗಿಯುತ್ತಿತ್ತು.

ಒಳಗೆ ಅಜ್ಜಿ ಕಲೀಪಾ ಕಂಬಳಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ಬೂರುಲ್‌ಳನ್ನು ಒಳಗೆ ಗೌರವದ ಅತಿಥಿಗಳ ಜಾಗದಲ್ಲಿ, ಮೆತ್ತೆಯ ಮೇಲೆ ಕೂರಿಸಿದರು. ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಗಂಟು ಕಟ್ಟಿಟ್ಟಿತ್ತು. ಕುಂದುಜ್ ಕಾಣಿಸಲಿಲ್ಲ.

"ತಮ್ಮಾ," ಬೂರುಲ್ ಕೂತ ಕೂಡಲೇ ಶುರು ಮಾಡಿದಳು, ತಡವಾದರೆ ಬಾಯಿ ಬರುವುದಿಲ್ಲ ಅಂತ. "ಆ ಬನ್ನಿನ ವಿಷ್ಯ..."

"ಅದನ್ನ ಎತ್ತಬೇಡಿ ಅಕ್ಕ. ನಾಚಿಕೆಯಿಂದ ಸಾಯ್ತಿದೀನಿ ನಾನು." ಅವನು ಅವಳ ಕಣ್ಣು ನೋಡದೆ ಹೇಳಿದ. "ನಾನೇ ಬಂದು ನಿಮ್ಮ ಹತ್ರ ತಪ್ಪಾಯ್ತು ಅನ್ನಬೇಕಿತ್ತು. ನೀವು ಬೇಯಿಸಿದ್ದಕ್ಕೇ ಕೈ ಹಾಕಿದಾಳೆ ಅಂದ್ರೆ! ಬೆಲ್ಟು ತಗೊಂಡು ಹೊಡೆದೆ ಅಕ್ಕ, ಒಂದು ಸಲಾನೂ ಕೈ ಮಾಡದೋನು. ಯಾಕೆ ಕದ್ದೆ ಅಂದ್ರೆ ಬಾಯೇ ಬಿಡಲಿಲ್ಲ. ಬಿಡ್ಲಿಲ್ಲ ಅಂತ ಇನ್ನೂ ಹೊಡೆದೆ. ಊರಲ್ಲಿ ಯಾರೂ ನಮ್ಮ ಹೊಸಿಲು ತುಳೀತಿಲ್ಲ. ಬಂದೋರು ನೀವೊಬ್ಬರೇ." ಅವನು ಮೇಲೆದ್ದ. "ಇರಿ, ಅವಳನ್ನ ಕರೀತೀನಿ. ಕೊಟ್ಟಿಗೇಲಿದಾಳೆ."

ಅವನು ಹೊರಗೆ ಹೋದ. ಒಲೆಯಲ್ಲಿ ಸಗಣಿ ಬೆರಣಿ ಮೆಲ್ಲಗೆ ಉರಿಯುತ್ತಿತ್ತು. ಅಜ್ಜಿ ಉಣ್ಣೆಯಿಂದ ತಲೆಯೆತ್ತದೆ ಹೇಳಿದಳು:

"ನೀನು ಕಳಿಸ್ತಿದ್ದೆ ಅಂತ ನಂಗೊತ್ತು ಮಗಳೇ. 'ಬೂರುಲಕ್ಕ ನಿಂಗೆ ಕೊಟ್ಟಿದಾರೆ' ಅಂತ ಮೊದಲನೇ ದಿನಾನೇ ಹೇಳಿ ಬಾಯಿಗಿಟ್ಟಿತ್ತು ಕೂಸು. ಮೆತ್ತಗಿರ್ತಿತ್ತು. ಚೆನ್ನಾಗಿರ್ತಿತ್ತು."

"ಮತ್ತೆ... ನೀವ್ಯಾಕೆ ಅಜ್ಜಿ... ಅವನಿಗೆ ಹೇಳಲಿಲ್ಲ?"

"ಹೇಳಿದ್ರೆ ಅವನು ಸುಮ್ನಿರ್ತಿದ್ನಾ? ಶಾಲೇಗೆ ಬಂದು ಕೂಗಾಡೋನು. ನಿನ್ನ ಕೆಲಸ ಹೋಗೋದು. ನಿನ್ನ ಕೈಯಿಂದ ಉಂಡಿದೀನಿ, ನಾನ್ಹೆಂಗೆ ಹೇಳಲಿ?" ಅಜ್ಜಿ ಉಣ್ಣೆಯಿಂದ ಒಂದು ಮುಳ್ಳು ತೆಗೆದು ಪಕ್ಕಕ್ಕೆ ಹಾಕಿದಳು. "ಕೂಸಿಗೂ ಹೇಳಬೇಡ ಅಂದೆ. ಅಕ್ಕ ಅವರಾಗೇ ಬಂದು ಹೇಳ್ತಾರೆ, ಅಲ್ಲೀವರ್ಗೂ ತಡ್ಕೋ ಅಂದೆ. ತಡ್ಕೊಂಡಿತು. ಈಗ ಬಂದಿದೀಯಲ್ಲ."

ಇಷ್ಟು ಹೇಳಿ ಮುದುಕಿ ಮಂಜುಗಣ್ಣುಗಳನ್ನು ಬೂರುಲ್ ಕೂತಿದ್ದ ಕಡೆಗೆ ತಿರುಗಿಸಿ ಕಾದಳು.

ಸೋನುನ್‌ಬೆಕ್ ಮಗಳನ್ನು ಭುಜ ಹಿಡಿದು ಒಳಗೆ ತಂದ. ಕುಂದುಜ್ ತೆಳ್ಳಗಾಗಿದ್ದಳು. ಕೈಯಲ್ಲಿ ಹುಲ್ಲಿನ ದೂಳಿತ್ತು. ಬೂರುಲ್‌ಳನ್ನು ಕಂಡಾಗ ಅವಳ ಮುಖ ಒಮ್ಮೆಗೇ ಅರಳಿತು. ಕಾದು ಕಾದು ಕೊನೆಗೂ ಬಂದ ತನ್ನವರನ್ನು ನೋಡುವ ಮುಖ ಅದು. ಅವಳು ಅಜ್ಜಿಯ ಕಡೆ ನೋಡಿ ಮತ್ತೆ ಬೂರುಲ್‌ಳನ್ನು ನೋಡಿದಳು.

"ನಿಲ್ಲು ಇಲ್ಲಿ," ಎಂದ ಅಪ್ಪ. "ಅಕ್ಕ ಅಷ್ಟು ದೂರದಿಂದ ಬಂದಿದಾರೆ. ಕದ್ದಿದ್ದು ತಪ್ಪಾಯ್ತು, ಕ್ಷಮಿಸಿ ಅಂತ ಕೇಳು."

ಬೂರುಲ್ ಬಾಯಿ ತೆರೆದಳು. ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಹಳ್ಳ ದಾಟುವಾಗ ಅವಳು ಲೆಕ್ಕಕ್ಕೆ ಹಿಡಿಯದಿದ್ದ ಒಂದು ಸಂಗತಿ ಈಗ ಎದುರಿಗೆ ನಿಂತಿತ್ತು. ಈ ಗಂಡಸು ಬೆಲ್ಟಿನಿಂದ ಹೊಡೆದದ್ದು ತನ್ನ ಒಂದು ಮಾತಿನ ಮೇಲೆ. ಹೇಳಿದರೆ ಅವನ ಈ ಮುಖ ಏನಾದೀತು? ಅವನ ಕಣ್ಣಿನಲ್ಲಿ ತಾನು ಏನಾದೇನು? ಊರಲ್ಲಿ ತನ್ನನ್ನು ಇಷ್ಟು ಮರ್ಯಾದೆಯಿಂದ ಮೆತ್ತೆಯ ಮೇಲೆ ಕೂರಿಸಿದವರು ಇವರೊಬ್ಬರೇ.

"ಕೇಳು ಅಂದೆ," ಅಪ್ಪನ ಕೈ ಭುಜದ ಮೇಲೆ ಬಿಗಿಯಾಯಿತು.

"ಕದ್ದಿದ್ದು ತಪ್ಪಾಯ್ತು," ಎಂದಳು ಕುಂದುಜ್, ಬೂರುಲ್‌ಳ ಮುಖ ನೋಡುತ್ತಲೇ. "ಕ್ಷಮಿಸಿ ಅಕ್ಕ."

ಅಜ್ಜಿಯ ಬೆರಳುಗಳು ಉಣ್ಣೆಯಲ್ಲಿ ನಿಂತಿದ್ದವು.

"ಆಯ್ತು ಮಗಾ," ಎಂದಳು ಬೂರುಲ್. ತನ್ನ ದನಿ ಇಷ್ಟು ಮೃದುವಾಗಿ ಬಂದದ್ದಕ್ಕೆ ಅವಳಿಗೇ ಹೇಸಿಗೆಯಾಯಿತು. "ನಾನದನ್ನ ಮನಸ್ಸಲ್ಲಿಟ್ಕೊಂಡಿಲ್ಲ. ಯಾವತ್ತೋ ಕ್ಷಮಿಸಿದೀನಿ."

ಹುಡುಗಿಯ ಮುಖದಲ್ಲಿ ಅರಳಿದ್ದದ್ದು ಏನೋ ಅದು ಹೋಯಿತು. ಅತ್ತದ್ದೇನೂ ಇಲ್ಲ. ದೊಡ್ಡವರು ಮಾತು ಮುಗಿಸಿದಾಗ ಮಕ್ಕಳು ತಲೆಯಾಡಿಸುವ ಹಾಗೆ ಒಮ್ಮೆ ತಲೆಯಾಡಿಸಿತು.

"ನೋಡಿದ್ಯಾ, ಎಂಥ ಮನಸ್ಸು ಅಕ್ಕಂದು!" ಸೋನುನ್‌ಬೆಕ್ ಕಣ್ಣೊರೆಸಿಕೊಂಡ. "ಅಕ್ಕ, ಬರೋ ವರ್ಷನಾದ್ರೂ ನಮ್ಮ ಕ್ಯಾರೆಟ್ಟು ತಗೊಳ್ಳೋ ಹಾಗೆ ಮೇಷ್ಟ್ರ ಕಿವಿಗೆ ಒಂದು ಮಾತು ಹಾಕಿ. ನಿಮ್ಮ ಮಾತು ಅವರು ತೆಗೆದುಹಾಕಲ್ಲ."

"ಹಾಕ್ತೀನಿ," ಎಂದಳು ಬೂರುಲ್.

ಅಜ್ಜಿ ಉಣ್ಣೆಯನ್ನು ಪಕ್ಕಕ್ಕೆ ಸರಿಸಿ, ಬಟ್ಟೆಯಲ್ಲಿ ಮುಚ್ಚಿಟ್ಟಿದ್ದ ರೊಟ್ಟಿ ತೆಗೆದು, ತಡವಿಕೊಂಡು ಒಂದು ಚೂರು ಮುರಿದಳು. ಚಹಾ ಇನ್ನೂ ಕುದಿದಿರಲಿಲ್ಲ. ಚಹಾಕ್ಕೆ ಮೊದಲೇ ರೊಟ್ಟಿ ಮುರಿದು ಮುಂದಿಟ್ಟರೆ ಅದರ ಅರ್ಥ ಎದ್ದು ಹೋಗು ಅಂತಲೇ, ಇದು ಆ ಊರಿನ ಕೂಸಿಗೂ ಗೊತ್ತು. "ಬಾಯಿಗಿಟ್ಕೊಂಡು ಹೋಗು ಮಗಳೇ," ಎಂದಳು ಮುದುಕಿ. "ಬಂದೋರನ್ನ ಹಾಗೇ ಕಳಿಸಬಾರದು."

"ಅಮ್ಮಾ, ಚಹಾ ಆಗ್ತಾ ಇದೆ, ಇಷ್ಟು ಬೇಗ..." ಎಂದು ಸೋನುನ್‌ಬೆಕ್ ಕಂಗಾಲಾದ. ಮುದುಕಿ ಅವನ ಕಡೆ ತಿರುಗಲಿಲ್ಲ. ಬೂರುಲ್ ಚೂರನ್ನು ಬಾಯಿಗಿಟ್ಟು, ಅಗಿಯಲಾಗದೆ ಹಾಗೇ ನುಂಗಿ, ಬೂಟು ಮೆಟ್ಟಿ ಹೊರಗೆ ಬಂದಳು.

ಹೊತ್ತು ಇಳಿಯತೊಡಗಿತ್ತು. ಅಂಗಳದಲ್ಲಿ ನಾಯಿ ಅವಳನ್ನು ಕಂಡು ಮೈ ರೋಮ ನಿಮಿರಿಸಿ ಎದ್ದಿತು. ಬೂರುಲ್ ಮೆಟ್ಟಿಲ ಮೇಲೇ ನಿಂತಳು. ಅವಳ ಪಕ್ಕದಿಂದ ಕುಂದುಜ್ ಬರಿಗಾಲಲ್ಲಿ ಇಳಿದು ಹೋಗಿ, ನೆಲದ ಮೇಲೆ ಮಂಡಿಯೂರಿ, ತನಗಿಂತ ದೊಡ್ಡದಾದ ಆ ನಾಯಿಯ ಕತ್ತನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದಳು. ಮುಖವನ್ನು ಅದರ ರೋಮದೊಳಗೆ ಒತ್ತಿಕೊಂಡಳು.

"ಹೋಗಿ ಅಕ್ಕ," ಎಂದಳು, ತಿರುಗಿ ನೋಡದೆ. "ಹಿಡ್ಕೊಂಡಿದೀನಿ, ಕಚ್ಚಲ್ಲ."

ಬೂರುಲ್ ಗೇಟು ದಾಟಿ, ಹಳ್ಳದ ಹಲಗೆಯವರೆಗೆ ಹೋಗಿ ತಿರುಗಿ ನೋಡಿದಾಗಲೂ ಹುಡುಗಿ ಹಾಗೆಯೇ ಹಿಡಿದುಕೊಂಡು ಕೂತಿದ್ದಳು.